ಒಂಟಿ ಎಂಜಿನ್ನಿನ ಪಾಠ

ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯ ದನಗಳ ಜಾತ್ರೆಗೆ ನೀವು ಜೋಡೆತ್ತಿನ ಗಾಡಿ ಹೊಡೆದಿದ್ದರೆ ಬಲ್ಲಿರಿ: ಒಂದೆತ್ತು ನಿಂತರೆ ಗಾಡಿ ಆ ಕಡೆಗೇ ತಿರುಗುತ್ತದೆ. ಎರಡು ಎಂಜಿನ್ನಿನ ಸಣ್ಣ ವಿಮಾನವೂ ಹಾಗೆಯೇ, ಕೆಟ್ಟ ಎಂಜಿನ್ನಿನತ್ತ ಹೊರಳುತ್ತದೆ. ಚಾಲಕನು ಎದುರು ಕಾಲಿನ ಪೆಡಲು ಒತ್ತಿ ಅದನ್ನು ನೇರಮಾಡಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ನೇ ಕೆಟ್ಟದ್ದೆಂದು ಗುರು ಕಲಿಸುತ್ತಾನೆ. ಆದರೂ ಅದರ ಥ್ರಾಟಲನ್ನು ಮೆಲ್ಲನೆ ಹಿಂದೆಳೆದು ಖಚಿತಮಾಡಿಕೊಂಡೇ ಆರಿಸತಕ್ಕದ್ದು. ಅವಸರದಲ್ಲಿ ಒಳ್ಳೆಯ ಎಂಜಿನ್ನನ್ನೇ ಆರಿಸಿದವರುಂಟು! ಶಕ್ತಿ ಅರ್ಧ ಹೋದರೆ ಮೇಲೇರುವ ಸಾಮರ್ಥ್ಯ ಬಹುಪಾಲು ಹೋಗುತ್ತದೆ. ಆದುದರಿಂದಲೇ ಈ ಅಭ್ಯಾಸಕ್ಕೆ ಸಾಕಷ್ಟು ಎತ್ತರ ಬೇಕು. ೨೦೦೯ರ ಮಾರ್ಚ್ ೬ರಂದು ಬಿಡದಿಯ ಬಳಿ, ಬೆಂಗಳೂರಿನಲ್ಲಿ ನಿರ್ಮಿಸಿದ ಸಾರಸ್ ವಿಮಾನದ ಒಂದು ಎಂಜಿನ್ನನ್ನು ಆಕಾಶದಲ್ಲಿ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಾಗ ವಾಯುಸೇನೆಯ ಮೂವರು ಅಧಿಕಾರಿಗಳು ಮಡಿದರು. ಹೊತ್ತಿಸಲು ಗೊತ್ತುಮಾಡಿದ್ದ ಕ್ರಮವೇ ತಪ್ಪು, ಎತ್ತರವೂ ಸಾಲದಾಗಿತ್ತು ಎಂದಿತು ತನಿಖೆ.