ಸೊಂಟದ ಅಳತೆ, ರಕ್ತದ ಹೆಪ್ಪು

(ನಮ್ಮ ಉಚಿತ ವಾಚನಾಲಯದಲ್ಲಿ ನಡೆದ ಮಹಿಳಾ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮೆಟ್ರಿಕ್ ಪಾಸಾದ ಗಿರಣಿ ಗುಮಾಸ್ತ. ದಿನವೂ ಬಟ್ಟೆಯ ಅಳತೆ ಬರೆಯುವವನು ಇಂದು ಬೇರೊಂದು ಅಳತೆಯ ಮಾತನಾಡಲು ನಿಂತಿದ್ದೇನೆ. ಇದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಸಂಗತಿ. ಅತ್ತಿಗೆಯವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ.

ಅವರಿಗೆ ಹೆರಿಗೆಯಾಗಿ ಮೂರನೆಯ ವಾರ. ಮೊದಲೇ ಸ್ಥೂಲ ದೇಹ. ಬಾಣಂತಿಯೆಂದು ನಾವು ಹಾಸಿಗೆಯಿಂದ ಏಳಗೊಡಲಿಲ್ಲ. ಎಡಗಾಲಿನ ಮೀನಖಂಡ ಬಾತು ನೋಯತೊಡಗಿತು. ವಾಯುವೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ನಾಲ್ಕನೆಯ ದಿನ ನಸುಕಿನಲ್ಲಿ ಏದುಸಿರು, ಎದೆನೋವು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದರು ಡಾಕ್ಟರು. ಅತ್ತಿಗೆ ಬದುಕಿದರು. ಆದರೆ ತಿಕ್ಕಿದವಳು ನನ್ನ ತಾಯಿ, ಎಣ್ಣೆ ತಂದುಕೊಟ್ಟವನು ನಾನು. ಅದನ್ನು ಮರೆಯಲಾರೆ.

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಜೀವ ಉಳಿಸುವ ಗುಣ. ಆ ಹೆಪ್ಪನ್ನು ಮುಂದೆ ಕರಗಿಸುವ ಏರ್ಪಾಡೂ ದೇಹದಲ್ಲಿದೆ. ಹೊಟ್ಟೆಯೊಳಗೆ ಸೇರಿದ ಕೊಬ್ಬಾದರೋ ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಕರಗಿಸುವ ಕೆಲಸವನ್ನು ತಡೆಯುವ ಪದಾರ್ಥವನ್ನು ಅದು ರಕ್ತಕ್ಕೆ ಬಿಡುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಂಬುದನ್ನು ಯಕೃತ್ತು ಹೆಚ್ಚು ತಯಾರಿಸುವಂತೆ ಮಾಡುತ್ತದೆ. ಕಾಲಿನ ರಕ್ತ ಮೇಲೇರುವುದೂ ನಿಧಾನವಾಗುತ್ತದೆ. ಆದ್ದರಿಂದ ಸ್ಥೂಲಕಾಯರಿಗೆ ಈ ಅಪಾಯ ಸುಮಾರು ಎರಡು ಪಟ್ಟು.

ಹೆಂಗಸರಿಗೆ ಇದರ ಮೇಲೆ ಇನ್ನೂ ಕೆಲವು ಸೇರುತ್ತವೆ: ಬಸಿರು, ಹೆರಿಗೆಯ ನಂತರದ ಆರು ವಾರ, ಎಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ. ಗುಳಿಗೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆಂದು ಮುಟ್ಟು ಮುಂದೂಡುವ ಗುಳಿಗೆಯಾದರೂ ಸರಿ, ಔಷಧಿ ಅಂಗಡಿಯವನನ್ನಲ್ಲ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿರಿ. ತೂಕವನ್ನೂ, ಮನೆತನದಲ್ಲಿ ಯಾರಿಗಾದರೂ ಹೆಪ್ಪಿನ ರೋಗ ಬಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿರಿ.

ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು, ಇವುಗಳ ದೋಷಗಳು ಒಬ್ಬರಲ್ಲೇ ಕೂಡಿ ಬರುತ್ತವೆಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ಎತ್ತಿ ತೋರಿಸಿದರು. ಈಗ ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಮ್ಮ ಹೆಂಗಸರಿಗೆ ಲೆಕ್ಕ ಹೀಗಿದೆ: ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಅಥವಾ ಹೆಚ್ಚು, ರಕ್ತದೊತ್ತಡ 130ಕ್ಕೆ 85 ಅಥವಾ ಹೆಚ್ಚು, ಬರಿಹೊಟ್ಟೆಯಲ್ಲಿ ಸಕ್ಕರೆ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ 50ಕ್ಕಿಂತ ಕಡಿಮೆ. ಐದರಲ್ಲಿ ಮೂರಿದ್ದರೆ ಈ ದೋಷ ಇದೆಯೆಂದರ್ಥ. ಸಕ್ಕರೆ ರೋಗ, ಹೃದಯಾಘಾತ, ಪಾರ್ಶ್ವವಾಯುಗಳಿಗೂ ಇದೇ ದಾರಿ.

ನಾಲ್ಕಕ್ಕೆ ಡಾಕ್ಟರು ಬೇಕು. ಮೊದಲನೆಯದಕ್ಕೆ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ, ಉಸಿರು ಬಿಟ್ಟು ಅಳೆಯಿರಿ. 31½ ಅಂಗುಲ ಮುಟ್ಟಿದರೆ ನಾಚಬೇಡಿ, ತಪಾಸಣೆ ಮಾಡಿಸಿರಿ.

ಒಂದೇ ಕಾಲು ಬಾತು, ನೊಂದು, ಬಿಸಿಯಾದರೆ ತಿಕ್ಕಬೇಡಿ; ಅಂದೇ ಡಾಕ್ಟರಿಗೆ ತೋರಿಸಿರಿ. ಒಮ್ಮೆಲೇ ಏದುಸಿರು, ಎದೆನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ. ತೆಳ್ಳಗಿರುವವರಿಗೂ ಈ ಮಾತು ಅನ್ವಯಿಸುತ್ತದೆ. ಬಾಣಂತಿಯನ್ನು ಡಾಕ್ಟರು ಹೇಳಿದಂತೆ ಎಬ್ಬಿಸಿ ಓಡಾಡಿಸಿರಿ.

ಇನ್ನು ಗಂಡಸರಿಗೊಂದು ಮಾತು. "ಮನೆಗೆಲಸವೇ ವ್ಯಾಯಾಮ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಂದು ಖೋಲಿಯಲ್ಲಿ ಒಲೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ? ಉಳಿದ ಅನ್ನ ಚೆಲ್ಲಬಾರದೆಂದು ಉಣ್ಣುವವರು ಯಾರು? ಸಂಜೆ ಅರ್ಧ ಗಂಟೆ ಮಗುವನ್ನು ನಾವು ನೋಡಿಕೊಳ್ಳೋಣ. ಅವರು ಬಿರುಸಾಗಿ ನಡೆದು ಬರಲಿ.

ವಾಚನಾಲಯದ ಮೇಜಿನ ಖಾನೆಯಲ್ಲಿ ಒಂದು ಟೇಪು ಇಟ್ಟಿದ್ದೇನೆ. ಪುಸ್ತಕದಂತೆಯೇ ಅದನ್ನೂ ಮನೆಗೆ ಒಯ್ಯಿರಿ, ಹಿಂದಿರುಗಿಸಿರಿ.