ಬ್ರೇಕಿಗೆ ನಿಲುಕದ ಬೆರಳು

(ಚೋರನೂರಿನಲ್ಲಿ ಗ್ರಾಮಸ್ಥರು ಹಾಗೂ ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಣ್ಣು, ಮಳೆ, ಬೆಳೆಗಳ ಕುರಿತು ಮಾತನಾಡುವ ನನ್ನನ್ನು ಕರೆದು ಸೈಕಲ್ಲಿನ ಬ್ರೇಕಿನ ಕುರಿತು ಮಾತನಾಡಲು ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಿರಬಹುದು. ನನಗೆ ಹಾಗೆನಿಸಲಿಲ್ಲ. ಕುಡಗೋಲಿನ ಹಿಡಿ, ಔಷಧಿ ಸಿಂಪಡಿಸುವ ಪಂಪಿನ ಸನ್ನೆ, ಕಳೆ ತೆಗೆಯುವ ಸಲಕರಣೆಯ ಗೂಟ ಇವೆಲ್ಲ ಯಾರ ಕೈಯ ಅಳತೆಗೆ ತಯಾರಾದವು ಎಂಬ ಪ್ರಶ್ನೆಯು ಕೃಷಿ ವಿಜ್ಞಾನದಲ್ಲಿಯೂ ಬಹಳ ತಡವಾಗಿಯೇ ಹುಟ್ಟಿತು. ಹೊಲದಲ್ಲಿ ಕಳೆ ಕೀಳುವವರು, ಕೊಯ್ಯುವವರು ಬಹುಪಾಲು ಹೆಂಗಸರು. ಸಲಕರಣೆಗಳು ಮಾತ್ರ ಗಂಡಸಿನ ಅಂಗೈಗೆ ಹೊಂದುವಂಥವು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯು ದೇಶದ ಕೃಷಿ ಕಾರ್ಮಿಕರ ದೇಹದ ಅಳತೆಗಳನ್ನೂ ಬಲವನ್ನೂ ದಾಖಲಿಸಿ 2009ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿತು. ನಮ್ಮ ಹೆಂಗಸರ ಕೈ ಗಂಡಸರ ಕೈಗಿಂತ ಸರಾಸರಿ ಒಂದು ಸೆಂಟಿಮೀಟರಿನಷ್ಟು ಗಿಡ್ಡವೆಂಬುದು ಅಂತಹ ಅಳತೆಗಳಿಂದ ತಿಳಿದುಬರುತ್ತದೆ. ಒಂದು ಸೆಂಟಿಮೀಟರು ಯಾವ ಲೆಕ್ಕ ಎಂದು ನೀವು ಕೇಳಬಹುದು. ಇಂದಿನ ನನ್ನ ಮಾತೆಲ್ಲ ಆ ಒಂದು ಸೆಂಟಿಮೀಟರಿನ ಕುರಿತಾದುದೇ.

ನಮ್ಮ ರಾಜ್ಯದಲ್ಲಿ 8ನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಉಚಿತವಾಗಿ ಸೈಕಲ್ ಕೊಡುವ ಯೋಜನೆಯು 2006-07ರಲ್ಲಿ ಆರಂಭವಾಯಿತು. ಕೋವಿಡ್ ಬಂದ ಬಳಿಕ, 2020-21ರಿಂದ, ಆ ವಿತರಣೆ ನಿಂತಿತು. ಆದರೂ ಅಂದು ಬಂದ ಸೈಕಲ್ಲುಗಳು ಇನ್ನೂ ನಮ್ಮ ಊರುಗಳಲ್ಲಿವೆ. ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ದಾಟುತ್ತ ಬಂದಿವೆ. ಕೆಲವು ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ಏಕೆ ಓಡಿಸುತ್ತಿಲ್ಲವೆಂದು ವಿಚಾರಿಸಿದರೆ ಒಂದೇ ಉತ್ತರ: “ಇಳಿಜಾರಿನಲ್ಲಿ ಹುಡುಗಿ ಹೆದರುತ್ತಾಳೆ.” ಸಂಡೂರಿನ ಬೆಟ್ಟಸಾಲಿನ ದಾರಿಗಳನ್ನು ಬಲ್ಲವರಿಗೆ ಈ ಹೆದರಿಕೆಯನ್ನು ವಿವರಿಸಬೇಕಾಗಿಲ್ಲ. ಎದುರಿಗೆ ಅದಿರಿನ ಲಾರಿ, ಅಂಚಿನಲ್ಲಿ ಸಡಿಲ ಜಲ್ಲಿ, ಅದರ ಮೇಲೆ ಕೆಂಪು ಧೂಳು.

ಹೆದರಿಕೆಯನ್ನು ಹುಡುಗಿಯ ಸ್ವಭಾವದಲ್ಲಿ ಹುಡುಕುವ ಮುನ್ನ ಅವಳ ಬೆರಳುಗಳನ್ನು ನೋಡಬೇಕೆಂಬುದು ನನ್ನ ಕೋರಿಕೆ. ಹಿಡಿಯ ಮೇಲೆ ಅಂಗೈಯನ್ನು ಭದ್ರವಾಗಿಟ್ಟು ಬೆರಳನ್ನು ಚಾಚಿದಾಗ ಲಿವರು ಬೆರಳಿನ ಮೊದಲ ಗೆಣ್ಣಿನ ಮಡಿಕೆಯೊಳಗೆ ಕೂರಬೇಕು. ಅನೇಕ ಮಕ್ಕಳಿಗೆ ಅದು ಉಗುರಿನ ತುದಿಗಷ್ಟೇ ತಾಗುತ್ತದೆ. ಆಗ ಮಗು ಏನು ಮಾಡುತ್ತದೆ? ಅಂಗೈಯನ್ನು ಹಿಡಿಯಿಂದ ಎತ್ತಿ, ಮುಂದಕ್ಕೆ ಸರಿಸಿ, ಅನಂತರ ಲಿವರನ್ನು ಎಳೆಯುತ್ತದೆ. ಗುಂಡಿಯೊಂದು ಎದುರಾದ ಕ್ಷಣದಲ್ಲಿಯೇ ಹಿಡಿಯು ಕೈತಪ್ಪುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವ ಸೈಕಲ್ಲು ಒಂದು ಸೆಕೆಂಡಿಗೆ ಐದೂವರೆ ಮೀಟರು ಮುಂದೆ ಹೋಗುತ್ತದೆ. ಕೈ ಸರಿಸುವುದಕ್ಕೆ ಅರ್ಧ ಸೆಕೆಂಡು ತಗುಲಿದರೂ ಬ್ರೇಕು ಹಿಡಿಯುವುದಕ್ಕೆ ಮೊದಲೇ ಎರಡೂಮುಕ್ಕಾಲು ಮೀಟರು ಕಳೆದುಹೋಗಿರುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು 30 ಕಿ.ಮೀ.ಗೆ ತಾವೇ ಮಾಡಿ ನೋಡಲಿ.

ಬಲದ ಮಾತೂ ಇದೆ. ಕೈಯ ಹಿಡಿತದ ಬಲವು ಬೆರಳುಗಳು ಪೂರ್ತಿ ಚಾಚಿದಾಗಲೂ ಕಡಿಮೆ, ಪೂರ್ತಿ ಮಡಚಿದಾಗಲೂ ಕಡಿಮೆ. ನಡುವೆ, ಸುಮಾರು 5 ಸೆಂ.ಮೀ. ಆಸುಪಾಸಿನ ಅಗಲದಲ್ಲಿ, ಅದು ಅತ್ಯಧಿಕವಾಗಿರುತ್ತದೆ. ಹಾಲು ಕರೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೂರದ ಲಿವರನ್ನು ಎಳೆಯುವ ಚಿಕ್ಕ ಕೈಯು ತನ್ನಲ್ಲಿರುವ ಅಲ್ಪ ಬಲವನ್ನೂ ಪೂರ್ತಿಯಾಗಿ ಬಳಸಲಾರದು. ಮಳೆಗಾಲದಲ್ಲಿ ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ಗುಂಡುಗಳು ಜಾರತೊಡಗುತ್ತವೆ. ಆಗ ಇನ್ನೂ ಹೆಚ್ಚು ಬಲ ಬೇಕು.

ಇದಕ್ಕೆ ನಿಯಮವೇ ಇಲ್ಲವೇ ಎಂದರೆ, ಇದೆ. ಸೈಕಲ್ಲುಗಳ ಸುರಕ್ಷತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4210, ಹಿಡಿಯ ಹಿಂಬದಿಯಿಂದ ಲಿವರಿನ ಮುಂಬದಿಯವರೆಗಿನ ಅಂತರವು 90 ಮಿ.ಮೀ. ಮೀರಬಾರದೆಂದು ಹೇಳುತ್ತದೆ. ಸೀಟನ್ನು ಪೂರ್ತಿ ಕೆಳಕ್ಕೆ ಇಳಿಸಿದಾಗ ಅದರ ಎತ್ತರವು 635 ಮಿ.ಮೀ.ಗಿಂತ ಕಡಿಮೆಯಿದ್ದರೆ ಮಾತ್ರ ಈ ಮಿತಿ 75 ಮಿ.ಮೀ. ಚಿಕ್ಕಮಕ್ಕಳ ಸೈಕಲ್ಲಿಗೆ ಬೇರೆಯೇ ಮಾನಕವಿದೆ. ಅಲ್ಲಿ 60 ಮಿ.ಮೀ. ಇದನ್ನು ಗಮನವಿಟ್ಟು ನೋಡಿರಿ. ಬ್ರೇಕು ಯಾವ ಕೈಗೆ ಸೇರಬೇಕೆಂಬುದನ್ನು ಇಲ್ಲಿ ನಿರ್ಧರಿಸುತ್ತಿರುವುದು ಸೀಟಿನ ಎತ್ತರ. ಕಾಲುದ್ದದ 13 ವರ್ಷದ ಹುಡುಗಿ ದೊಡ್ಡವರ ಸೈಕಲ್ಲನ್ನು ಏರಬಲ್ಲಳೆಂದು ಅವಳ ಕೈಯೂ ದೊಡ್ಡವರ ಕೈಯಾಗಿಬಿಡುವುದಿಲ್ಲ. ಮಾನಕ ಬರೆದವರು ಅಜ್ಞಾನಿಗಳೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯಲ್ಲಿ ಸೀಟನ್ನು ಅಳೆಯಬಹುದು. ಮುಂದೆ ಯಾರ ಕೈ ಬಂದೀತೆಂದು ಅಳೆಯಲಾಗದು. ಆ ಕೊನೆಯ ಅಳತೆ ಮನೆಯಲ್ಲಿಯೇ ಆಗಬೇಕು.

ಅದಕ್ಕೆ ಬೇಕಾದುದು ಶಾಲೆಯ ಅಳತೆಪಟ್ಟಿ ಮತ್ತು ಒಂದು ತಿರುಪುಳಿ. ತಂತಿ ಬ್ರೇಕಿರುವ ಅನೇಕ ಸೈಕಲ್ಲುಗಳಲ್ಲಿ ಲಿವರಿನ ಬುಡದ ಬಳಿ ಸಣ್ಣದೊಂದು ತಿರುಪು ಇರುತ್ತದೆ. ಧೂಳು ಮೆತ್ತಿ ಅದು ಕಾಣದಿರಬಹುದು, ಒರೆಸಿ ನೋಡಿರಿ. ಅದನ್ನು ಒಳಕ್ಕೆ ತಿರುಗಿಸಿದಂತೆ ಲಿವರು ಹಿಡಿಯ ಕಡೆಗೆ ಸರಿಯುತ್ತದೆ. ಆದರೆ ಲಿವರು ಹತ್ತಿರ ಬಂದಷ್ಟೂ ಅದು ಚಲಿಸಬಹುದಾದ ದೂರವೂ ಕುಗ್ಗುತ್ತದೆ. ಆದ್ದರಿಂದ ಬ್ರೇಕಿನ ಗುಂಡುಗಳನ್ನೂ ರಿಮ್ಮಿನ ಸಮೀಪಕ್ಕೆ ತಂದು ತಂತಿಯನ್ನು ಬಿಗಿಗೊಳಿಸಬೇಕು. ಚಕ್ರ ಅಂಕುಡೊಂಕಾಗಿದ್ದರೆ ಮೊದಲು ಅದನ್ನು ನೇರಗೊಳಿಸಿಕೊಳ್ಳಬೇಕು. ಇಲ್ಲವಾದರೆ ಗುಂಡು ತಾಗುತ್ತಲೇ ಇರುತ್ತದೆ. ಎಲ್ಲ ಮುಗಿದ ಮೇಲೆ ಬ್ರೇಕನ್ನು ಪೂರ್ಣ ಬಲದಿಂದ ಹಿಡಿದಾಗಲೂ ಲಿವರು ಹಿಡಿಗೆ ತಾಗದೆ ಒಂದು ಬೆರಳಿನಷ್ಟು ತೆರಪು ಉಳಿದಿರಬೇಕು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಲಿವರು ಒಂದು ಸನ್ನೆಗೋಲು. ಬುಡದ ಬಳಿ ಎಳೆದರೆ ಹೆಚ್ಚು ಬಲ ಬೇಕು, ತುದಿಯ ಬಳಿ ಎಳೆದರೆ ಕಡಿಮೆ ಸಾಕು. ಲಿವರಿನ ಪಟ್ಟಿಯನ್ನು ಸಡಿಲಿಸಿ ಅದನ್ನು ಹಿಡಿಯ ಒಳಭಾಗಕ್ಕೆ ಸ್ವಲ್ಪ ಸರಿಸಿದರೆ ತೋರುಬೆರಳು, ನಡುಬೆರಳುಗಳು ತುದಿಯ ಮೇಲೆಯೇ ಬೀಳುತ್ತವೆ. ಮುಂಗೈಯ ನೇರಕ್ಕೆ ಬರುವಂತೆ ಲಿವರನ್ನು ತುಸು ಕೆಳಕ್ಕೆ ಬಾಗಿಸಿದರೆ ಮಣಿಕಟ್ಟಿನ ನೋವೂ ತಗ್ಗುತ್ತದೆ. ತಿರುಪು ಇಲ್ಲದ ಅಲ್ಯೂಮಿನಿಯಂ ಲಿವರನ್ನು ಇಕ್ಕಳದಿಂದ ಬಗ್ಗಿಸಿ ಹತ್ತಿರ ತರುವುದನ್ನು ಮಾತ್ರ ಯಾರೂ ಮಾಡಬಾರದು. ಎರಕದ ಲೋಹ ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು, ಜೋರಾಗಿ ಹಿಡಿದ ದಿನವೇ ಮುರಿಯುತ್ತದೆ. ಅದಕ್ಕಿಂತ ಚಿಕ್ಕ ಕೈಯ ಲಿವರನ್ನು ಕೊಂಡು ಹಾಕಿಸುವುದು ಲೇಸು.

ಈಗ ಟಗರುಕೊಂಬಿನಂತೆ ಬಾಗಿದ ಹಿಡಿಯುಳ್ಳ ರೋಡ್ ಸೈಕಲ್ಲಿಗೆ ಬರುತ್ತೇನೆ. ಇದು ನಗರದವರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಈ ಸೈಕಲ್ಲುಗಳ ಮೇಲೆ ಅಭ್ಯಾಸ ಮಾಡಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ನಮ್ಮ ಮಕ್ಕಳೂ ಅಂತಹ ಸೈಕಲ್ಲನ್ನು, ಬಹುಶಃ ಯಾರೋ ಬಳಸಿದುದನ್ನು, ಕೊಳ್ಳುವ ದಿನ ಬರುತ್ತದೆ. ಅಂದು ಬಣ್ಣವನ್ನೂ ಗೇರುಗಳ ಸಂಖ್ಯೆಯನ್ನೂ ನೋಡುವ ಮೊದಲು ಬ್ರೇಕಿನ ಉಬ್ಬನ್ನು ಹಿಡಿದು ನೋಡಲಿ. ರಬ್ಬರಿನ ಮುಸುಕು ಹೊದ್ದ ಈ ಉಬ್ಬಿಗೆ ಹುಡ್ ಎನ್ನುತ್ತಾರೆ. ಸವಾರರು ಹೆಚ್ಚಿನ ಹೊತ್ತು ಕೈಯೂರುವುದು ಅದರ ಮೇಲೆಯೇ.

ಶಿಮಾನೊ ಕಂಪನಿಯು 1990ರಲ್ಲಿ ಬ್ರೇಕನ್ನೂ ಗೇರನ್ನೂ ಒಂದೇ ಲಿವರಿನಲ್ಲಿ ಕೂಡಿಸಿತು. ಅನುಕೂಲ ದೊಡ್ಡದು, ಆದರೆ ಗೇರಿನ ಯಂತ್ರವೂ ಒಳಗೆ ಸೇರಿ ಹುಡ್ ದಪ್ಪನಾಯಿತು. ಅಂಥ ಹಳೆಯ ಲಿವರುಗಳಲ್ಲಿ ಅಂತರ ಕಡಿಮೆಮಾಡುವ ತಿರುಪು ಇರಲಿಲ್ಲ. ಬಹಳ ಕಾಲದ ನಂತರ ತಿರುಪು ಬಂತು. ಚಿಕ್ಕ ಕೈಗೆಂದೇ ರೂಪಿಸಿದ ಮಾದರಿಗಳೂ ಬಂದವು. ಅದೇ ಕಂಪನಿಯ 105 ಸರಣಿಯ ಎಸ್‌ಟಿ-ಆರ್7025 ಮತ್ತು ಟಿಯಾಗ್ರ ಸರಣಿಯ ಎಸ್‌ಟಿ-4725 ಅಂಥವು. ಎರಡೂ ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕಿನವು. ಎಣ್ಣೆಯ ಕೊಳವೆಯೂ ಹುಡ್‌ನೊಳಗೆ ಸೇರುವುದರಿಂದ ಡಿಸ್ಕ್ ಬ್ರೇಕಿನ ಹುಡ್‌ಗಳು ಸಾಮಾನ್ಯವಾಗಿ ಇನ್ನಷ್ಟು ದಪ್ಪ. ಅದಕ್ಕೆಂದೇ ಅಲ್ಲಿ ಬೇರೆ ಮಾದರಿ ಬೇಕಾಯಿತು. ಬೆರಳಿಗೆ ಶ್ರಮ ಕಡಿಮೆಯೆಂಬುದು ಅದರ ದೊಡ್ಡ ಗುಣ, ಬೆಲೆ ಅದರ ದೊಡ್ಡ ದೋಷ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಟಗರುಕೊಂಬಿನ ಬಾಗು ಕೆಳಕ್ಕೂ ಮುಂದಕ್ಕೂ ಕಡಿಮೆಯಿರುವ ಹಿಡಿಯನ್ನು ಹಾಕಿಸಬಹುದು. ಹುಡ್ ಆಗ ಹತ್ತಿರ ಬರುತ್ತದೆ. ಹುಡ್‌ನ ಪಟ್ಟಿಯನ್ನು ಸಡಿಲಿಸಿ ಬಾಗಿನ ಮೇಲೆ ತುಸು ಏರಿಸಬಹುದು. ಆದರೆ ಕೆಳಗಿನ ಬಾಗನ್ನು ಹಿಡಿದಾಗ ಲಿವರು ದೂರವಾಗುತ್ತದೆ, ಎರಡನ್ನೂ ಪರೀಕ್ಷಿಸಿರಿ. ತಂತಿ ಬ್ರೇಕಿದ್ದರೆ ಅಡ್ಡಹಿಡಿಯ ಮೇಲೆ ಇನ್ನೊಂದು ಜೊತೆ ಸಣ್ಣ ಲಿವರುಗಳನ್ನು ಕೂಡಿಸಬಹುದು. ಹೊಸದಾಗಿ ಕಲಿಯುವ ಮಗುವಿಗೆ ನಾನು ಇದನ್ನೇ ಸೂಚಿಸುತ್ತೇನೆ. ಹಳೆಯ ಕಾಲದಂತೆ ಗೇರಿನ ಸನ್ನೆಯನ್ನು ಚೌಕಟ್ಟಿನ ಕೊಳವೆಯ ಮೇಲಿಟ್ಟು, ಬ್ರೇಕಿಗೆ ಮಾತ್ರ ಚಿಕ್ಕ ಲಿವರನ್ನು ಬಳಸುವುದೂ ಒಳ್ಳೆಯ ಏರ್ಪಾಡು. ಗೇರು ಬದಲಿಸುವುದು ಒಂದು ಕ್ಷಣ ತಡವಾದರೆ ಏನೂ ಕೆಡುವುದಿಲ್ಲ.

ಬಳಸಿದ ಸೈಕಲ್ಲು ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕು ಬಲಗೈಯಲ್ಲಿರುತ್ತದೆ. ಹೊರದೇಶಗಳಿಂದ ಬಂದ ಕೆಲವು ಸೈಕಲ್ಲುಗಳಲ್ಲಿ ಅದು ಎಡಗೈಯಲ್ಲಿರುವುದುಂಟು. ಇಳಿಜಾರಿಗೆ ಹೋಗುವ ಮುನ್ನ ಚಕ್ರವನ್ನು ಎತ್ತಿ, ಯಾವ ಕೈ ಯಾವ ಚಕ್ರವನ್ನು ನಿಲ್ಲಿಸುತ್ತದೆಂದು ನೋಡಿಕೊಳ್ಳಿರಿ.

ಮಾತು ಇಲ್ಲಿಗೆ ಸಾಕು. ಅಂಗಳದಲ್ಲಿ ನಿಲ್ಲಿಸಿರುವ ಸೈಕಲ್ಲುಗಳನ್ನು ಈಗ ನೆರಳಿಗೆ ತನ್ನಿರಿ. ಅಳತೆಪಟ್ಟಿ, ತಿರುಪುಳಿ, ಇಕ್ಕಳ ಇಲ್ಲಿವೆ. ಮೊದಲು ಚಿಕ್ಕ ತರಗತಿಯವರು ಬರಲಿ. ಸರಿಪಡಿಸಿದ ಪ್ರತಿ ಸೈಕಲ್ಲನ್ನೂ ಅದನ್ನು ಓಡಿಸುವವರೇ ಮೈದಾನದಲ್ಲಿ ಎರಡು ಸುತ್ತು ಹೊಡೆದು, ನಿಲ್ಲಿಸಿ ನೋಡಿದ ಬಳಿಕವೇ ರಸ್ತೆಗೆ ಬಿಡೋಣ.