ಎರಡು ಪಟ್ಟಿಗಳ ನಡುವಿನ ಹೆಸರು



ಜಾವಾದಲ್ಲಿ ರಚಿಸುವ ಫಲಾನುಭವಿ ಆಯ್ಕೆಯ ಪುಟಗಳಿಗೆ ಜೋಡಿಪಟ್ಟಿ ಬಹು ಉಪಯುಕ್ತ. ಎಡಕ್ಕೆ ಅರ್ಜಿದಾರರು, ಬಲಕ್ಕೆ ಆಯ್ಕೆಯಾದವರು, ನಡುವೆ ಬಾಣದ ಗುಂಡಿಗಳು. ಪ್ರೈಮ್‌ಫೇಸಸ್‌ನಲ್ಲಿ ಇದರ ಹೆಸರು ಪಿಕ್‌ಲಿಸ್ಟ್. ಎರಡೂ ಪಟ್ಟಿಗಳನ್ನು ಡ್ಯುಯಲ್‌ಲಿಸ್ಟ್‌ಮಾಡೆಲ್ ಎಂಬ ಒಂದೇ ವಸ್ತು ಹೊತ್ತಿರುತ್ತದೆ.

ಬ್ರೌಸರಿನಿಂದ ಸರ್ವರ್‌ಗೆ ಮರಳುವುದು ಬರಿಯ ಅಕ್ಷರಸಾಲು. ಅದನ್ನು ಪುನಃ ವ್ಯಕ್ತಿಯ ದಾಖಲೆಯಾಗಿಸುವುದು ಕನ್ವರ್ಟರ್‌ನ ಕೆಲಸ. ಅದು ಹೆಸರನ್ನೇ ಗುರುತೆಂದು ನಂಬಿದರೆ ಅನರ್ಥಕ್ಕೆ ದಾರಿ. ಒಂದೇ ಊರಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಅಪರೂಪವೇನಲ್ಲ. ಗ್ರಾಮಸಭೆ ಆರಿಸಿದ್ದು ಗುಡಿಸಲಿನಲ್ಲಿರುವ ಲಕ್ಷ್ಮಮ್ಮನವರನ್ನು. ಮನೆಯ ಆದೇಶ ತಲುಪುವುದು ಇನ್ನೊಬ್ಬರಿಗೆ. ತೆರೆಯ ಮೇಲೆ ದೋಷಸೂಚನೆಯೂ ಬಾರದು. ಆದುದರಿಂದ ಕನ್ವರ್ಟರ್‌ಗೆ ಅರ್ಜಿ ಸಂಖ್ಯೆಯೇ ಆಧಾರವಾಗಿರತಕ್ಕದ್ದು; ಈಕ್ವಲ್ಸ್, ಹ್ಯಾಶ್‌ಕೋಡ್ ಎರಡೂ ಅದನ್ನೇ ಅವಲಂಬಿಸಬೇಕು. ಪಟ್ಟಿಯಲ್ಲಿಯೂ ಹೆಸರಿನೊಡನೆ ತಂದೆ ಅಥವಾ ಗಂಡನ ಹೆಸರು, ಅರ್ಜಿ ಸಂಖ್ಯೆ ಕಾಣಲಿ.

ಬಾಣ ಒತ್ತಿದ ಮಾತ್ರಕ್ಕೆ ಆಯ್ಕೆ ದಾಖಲಾಗದು, ನಮೂನೆ ಸಲ್ಲಿಕೆಯಾಗಬೇಕು. ಬ್ರೌಸರ್ ಕಳುಹಿಸುವುದನ್ನು ತಿದ್ದುವುದು ಕಷ್ಟವಲ್ಲವಾದ್ದರಿಂದ, ಬಂದ ಪ್ರತಿ ಸಂಖ್ಯೆಯೂ ಮೂಲ ಅರ್ಜಿಪಟ್ಟಿಯಲ್ಲಿ ಇದೆಯೇ ಎಂದು ಸರ್ವರ್ ಪರಿಶೀಲಿಸತಕ್ಕದ್ದು. ಹೆಸರುಗಳು ಸಾವಿರಾರು ಇದ್ದಲ್ಲಿ, ಹುಡುಕುವ ಪೆಟ್ಟಿಗೆ ಇದ್ದರೂ ಪುಟ ಭಾರವಾಗುತ್ತದೆ. ಗ್ರಾಮವಾರು ವಿಂಗಡಿಸಿ ತೋರಿಸುವುದು ಲೇಸು.